ಬಲೆ ಹಾಕದ ಮೂಲೆ

ಆ ವಾರ ನನಗೆ ಬೇಕಾಗಿದ್ದದ್ದು ಒಂದೇ ಒಂದು ದೊಡ್ಡ ಔಲು ಮೀನು. ತಿನ್ನಲಿಕ್ಕಲ್ಲ, ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಮಾರಲಿಕ್ಕೂ ಅಲ್ಲ. ನನ್ನ ದೋಣಿಯಲ್ಲಿ ಕೂತ ಗಿರಾಕಿ ಅದನ್ನು ಗಾಳದಲ್ಲಿ ಹಿಡಿಯಬೇಕು, ನಾನೊಂದು ಫೋಟೋ ತೆಗೆಯಬೇಕು, ಮತ್ತೆ ಅದನ್ನು ನೀರಿಗೆ ಬಿಡಬೇಕು. ಆ ಫೋಟೋವನ್ನು ಭಾನುವಾರ ಮೀನುಗಾರರ ಸಂಘದ ಸಭೆಯಲ್ಲಿ ತೋರಿಸಬೇಕು. ಇಲ್ಲವಾದರೆ ಸೋಮವಾರದಿಂದ ಕೆರೆಯ ಉತ್ತರದ ಮೂಲೆಗೆ ಬಲೆ ಬೀಳುತ್ತದೆ.

ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಇರುವ ಆ ಕೆರೆ ಎಷ್ಟು ದೊಡ್ಡದೆಂದರೆ ಏರಿಯ ಮೇಲೆ ನಿಂತರೆ ಆಚೆ ದಡದಲ್ಲಿ ಮೇಯುವ ಎಮ್ಮೆ ಕಲ್ಲೋ ಎಮ್ಮೆಯೋ ಗೊತ್ತಾಗುವುದಿಲ್ಲ. ಮೀನು ಹಿಡಿಯುವ ಹಕ್ಕು ಸಂಘದ್ದು. ಮೀನುಗಾರಿಕೆ ಓದಿ ಬಂದ ಮೇಲೆ ನಾನು ಅಲ್ಲಿ ಶುರುಮಾಡಿದ್ದು ಹೊಸ ಬಗೆಯ ಕೆಲಸ: ಗಾಳದ ಹವ್ಯಾಸವಿರುವವರನ್ನು ಹೊರ ಊರುಗಳಿಂದ ಕರೆಸಿ, ದೋಣಿಯಲ್ಲಿ ಕೂರಿಸಿ, ಮೀನಿರುವ ಜಾಗಕ್ಕೆ ಕರೆದೊಯ್ಯುವುದು. ಹಿಡಿದ ಮೀನನ್ನು ವಾಪಸ್ ಬಿಡಬೇಕು ಎಂಬುದು ನಿಯಮ. ಪ್ರತಿ ಗಿರಾಕಿಯಿಂದ ಸಂಘಕ್ಕೊಂದು ಪಾಲು. ಮೀನು ದೊಡ್ಡದಾಗಲು ಒಂದು ಕಡೆಯಾದರೂ ಬಲೆ ಇಲ್ಲದ ನೀರು ಬೇಕು ಎಂದು ವಾದಿಸಿ, ಉತ್ತರದ ಮೂಲೆಯನ್ನು ಒಂದು ವರ್ಷಕ್ಕೆ ಬಿಡಿಸಿಕೊಂಡಿದ್ದೆ. ಆ ವರ್ಷ ಮುಗಿಯುತ್ತಾ ಬಂದಿತ್ತು.

ಸಂಘದ ಅಧ್ಯಕ್ಷರು ಶಿಕಾರಿಪುರದ ಕಡೆಯವರು, ಮಾತು ನೇರ.

"ನೋಡ್ರೀ ಮೇಡಂ, ಒಂದು ವರ್ಷ ಆ ಕಡೆ ಯಾರೂ ಬಲೆ ತಗೊಂಡು ಹೋಗಿಲ್ಲ. ದೊಡ್ಡ ಮೀನು ಐತೆ ಅಂತ ನೀವಂತೀರಿ. ನೋಡಿದೋರು ಯಾರು? ನಮ್ಮ ಹುಡುಗರು ಕೇಳ್ತಾರೆ, ನಾನೇನು ಹೇಳ್ಲಿ? ನಿಮ್ಮ ದೋಣಿಯಾಗಿನ ಪರದೆ ಮೇಲೆ ಚುಕ್ಕಿ ಕಾಣ್ತು ಅಂತ ಹೇಳ್ಲಾ?"

"ಭಾನುವಾರದೊಳಗೆ ತೋರಿಸ್ತೀನಿ" ಅಂದೆ.

ಅಷ್ಟು ಖಚಿತವಾಗಿ ಹೇಳುವ ಸ್ವಭಾವ ನನ್ನದಲ್ಲ. ಹೇಳಿದ ಕ್ಷಣದಿಂದ ಕೂತಲ್ಲಿ ಕೂರಲಾಗಲಿಲ್ಲ.

ಗುರುವಾರ ಬಂದ ಗಿರಾಕಿ ದಾವಣಗೆರೆಯ ಬಟ್ಟೆ ಅಂಗಡಿಯವರು. ದುಂಡು ಮೈ, ತಲೆಗೆ ಅಗಲ ಟೋಪಿ, ಮೂರು ದಿನಕ್ಕೆ ದೋಣಿ ಗೊತ್ತುಮಾಡಿದ್ದರು. ಮನೆಯವರನ್ನು ಚಂದ್ರಗುತ್ತಿಯ ದೇವಸ್ಥಾನಕ್ಕೆ, ಅಲ್ಲಿಂದ ಶಿರಸಿಯ ನೆಂಟರ ಮನೆಗೆ ಕಳಿಸಿ ತಾವು ಇಲ್ಲಿ ಇಳಿದಿದ್ದರು. "ಅವರು ಪುಣ್ಯ ಮಾಡ್ಕೊಂಡು ಬರ್ತಾರೆ, ನಾನು ಮೀನು ಹಿಡ್ಕೊಂಡು ಹೋಗ್ತೀನಿ. ಸರಿಗೆ ಸರಿ" ಅಂದರು.

"ಹಿಡ್ಕೊಂಡು ಹೋಗೋದಲ್ಲ ಸರ್, ಹಿಡಿದು ಬಿಡೋದು."

"ಗೊತ್ತೈತ್ರೀ. ಫೋಟೋ ತಗೊಂಡು ಹೋಗ್ತೀನಿ."

ದೋಣಿ ನಡೆಸುವವರು ಉಳವಿ ಕಡೆಯವರು, ಸಂಘದ ಸದಸ್ಯರು. ವರ್ಷವಿಡೀ ನನ್ನ ಜೊತೆ ದುಡಿದರೂ ಹಿಡಿದ ಮೀನನ್ನು ಬಿಡುವಾಗ ಮಾತ್ರ ಪ್ರತಿ ಸಲವೂ ಮುಖ ಆಚೆ ತಿರುಗಿಸುತ್ತಾರೆ. "ತಿನ್ನೂದಿಲ್ಲ, ಮಾರೂದಿಲ್ಲ, ಮತ್ತೆ ಎಂತಕ್ಕೆ ಮಾರಾಯ್ರೆ ಅದರ ಹಿಂದೆ ಬಿದ್ದದ್ದು?" ಎಂದು ಒಮ್ಮೆ ಕೇಳಿದ್ದರು. ನಾನು ಉತ್ತರ ಹೇಳಲು ಹೊರಟು, ಅದು ಪಾಠದಂತೆ ಕೇಳಿಸುತ್ತಿದೆ ಅನ್ನಿಸಿ ನಿಲ್ಲಿಸಿದ್ದೆ.

ಔಲು ಎಂದರೆ ಹಾವಿನಂಥ ತಲೆಯ ಮೀನು. ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ಬೊಟ್ಟು. ಕಿವಿರೊಂದೇ ಸಾಲದೆ ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಅದನ್ನು ಹುಡುಕುವ ದಾರಿಯೇ ಅದು. ಮೋಟಾರ್ ನಿಲ್ಲಿಸಿ, ಜಲ್ಲೆಯಿಂದ ದೋಣಿಯನ್ನು ಜೊಂಡಿನ ಅಂಚಿಗೆ ಸರಿಸಿ, ನೀರಿನ ಮೇಲೆ ಕಣ್ಣಿಟ್ಟು ಕೂರಬೇಕು. ಉಸಿರು ತೆಗೆದ ಕಡೆ ಅಲೆಯ ಒಂದು ದಪ್ಪ ಬಳೆ ಮೂಡುತ್ತದೆ. ಅದರ ಆಚೆಗೆ ಗಾಳ ಎಸೆದು, ಅದರ ಮೇಲೆ ಹಾಯುವಂತೆ ಎಳೆಯಬೇಕು. ಗಾಳಕ್ಕೆ ನಾನು ಕಟ್ಟುವುದು ಮರದ ಕಪ್ಪೆ. ಶಿಕಾರಿಪುರದ ಮಸೀದಿ ಹಿಂದೆ ಬುಗುರಿ, ಲಟ್ಟಣಿಗೆ ಕಡೆಯುವ ಅಂಗಡಿಯ ಯಜಮಾನರು ನನಗೆಂದೇ ಮಾಡಿಕೊಡುತ್ತಾರೆ. ಮೊದಲ ಕಪ್ಪೆ ಕೊಟ್ಟಾಗ ಅವರು ಕೇಳಿದ್ದು, "ಕಣ್ಣು ಬಿಡಿಸ್ಲಾ ಮೇಡಂ? ಮೀನಿಗೆ ಬೇಡ, ನೋಡೋರಿಗೆ ಇರ್ಲಿ."

ಗುರುವಾರ ಬೆಳಗಿನಿಂದ ಗಾಳಿ. ನೀರು ಚೂರುಚೂರಾಗಿ ಹೊಳೆಯುತ್ತಿತ್ತು, ಬಳೆ ಮೂಡಿದರೂ ಕಾಣುವ ಹಾಗಿರಲಿಲ್ಲ. ದೋಣಿಯನ್ನು ಗಾಳಿಗೆ ಮರೆಯಾದ ದಡಕ್ಕೆ ಒಯ್ದೆವು. ಅಲ್ಲಿ ನೀರು ತೆಳು, ಕಪ್ಪೆ ಬರೀ ಪಾಚಿ ಹೊತ್ತು ತಂದಿತು. ಮತ್ತೆ ಆಚೆ. ಮತ್ತೆ ಈಚೆ. ಜಾಗ ಬದಲಿಸುವುದು ಹೆಚ್ಚಾದಷ್ಟೂ ಗಿರಾಕಿಗೆ ನಂಬಿಕೆ ಕಡಿಮೆಯಾಗುತ್ತದೆ ಎಂಬುದು ಗೊತ್ತಿದ್ದೂ ನನ್ನ ಕೈ ಸುಮ್ಮನಿರಲಿಲ್ಲ. ಮಧ್ಯಾಹ್ನ ರೊಟ್ಟಿ ಬಿಚ್ಚುತ್ತಾ ದಾವಣಗೆರೆಯವರು ಕೇಳಿದರು:

"ಇದರಾಗೆ ಮೀನು ಐತೇನ್ರೀ, ಇಲ್ಲಾ ಬರೀ ನೀರೇನು?"

"ಇದೆ ಸರ್."

"ಅಲ್ಲ, ಸುಮ್ನೆ ಕೇಳ್ದೆ. ನಮ್ಮ ಅಂಗಡ್ಯಾಗೂ ಇಲ್ಲದ ಸೀರೆ ಒಳಗೈತೆ, ತರಿಸ್ತೀನಿ ಅಂತೀವಿ."

ದೋಣಿಯವರು ನಕ್ಕರು. ನಾನೂ ನಗಬೇಕಿತ್ತು.

ಶುಕ್ರವಾರ ಗಾಳಿ ನಿಂತಿತ್ತು. ಆದರೆ ಕೆಳಗಿನ ಬೇಸಿಗೆ ಗದ್ದೆಗಳಿಗೆಂದು ತೂಬು ಎತ್ತಿದ್ದರು. ನೀರು ಇಳಿಯಲು ಶುರುವಾದರೆ ಅಂಚಿನ ಮೀನು ಹೆದರಿ ಆಳಕ್ಕೆ ಜಾರುತ್ತದೆ. ಕಪ್ಪೆ ತೆಗೆದು, ಮುಳುಗುವ ತಗಡಿನ ಗಾಳ ಕಟ್ಟಿ, ನೀರಿನೊಳಗಿರುವುದನ್ನು ತೋರಿಸುವ ಸೋನಾರ್ ಪರದೆ ನೋಡುತ್ತಾ ಹಳೆಯ ಹಳ್ಳದ ಪಾತ್ರದ ಮೇಲೆ ದೋಣಿಯನ್ನು ನಿಧಾನ ಓಡಿಸಿದೆವು. ಪರದೆಯಲ್ಲಿ ತಳ, ಮುಳುಗಿದ ಮೋಟುಮರಗಳು, ನಡುನೀರಿನಲ್ಲಿ ಮೀನಿದ್ದಲ್ಲಿ ಬಿಲ್ಲಿನಂಥ ಗುರುತುಗಳು. ಗಾಳ ಎರಡು ಸಲ ಮೋಟಿಗೆ ಸಿಕ್ಕಿತು. ಮೂರನೆಯ ಸಲ ಸಿಕ್ಕಿದ್ದು ಮೋಟಲ್ಲ, ಬಾಳೆಮೀನು. ದಾವಣಗೆರೆಯವರು ಎದ್ದು ನಿಂತೇಬಿಟ್ಟರು. ದೋಣಿ ವಾಲಿತು, ದಾರ ಸಡಿಲವಾಯಿತು, ಮೀನು ಹಲ್ಲಿನಲ್ಲಿ ಅದನ್ನು ಕತ್ತರಿಸಿಕೊಂಡು ಹೋಯಿತು.

"ಕೂತ್ಕೊಳ್ಳಿ ಅಂತ ಹೇಳಿದ್ದೆ" ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಹೇಳಿದ್ರಿ, ಹೇಳಿದ್ರಿ" ಎಂದು ಅವರು ಕೂತರು.

ಸಂಜೆ ಅವರನ್ನು ದಡಕ್ಕೆ ಬಿಟ್ಟು, ಮರುದಿನಕ್ಕೆ ಜಾಗ ನೋಡಲು ನಾನೂ ದೋಣಿಯವರೂ ಉತ್ತರದ ಮೂಲೆಗೆ ಹೋದೆವು. ಅಲ್ಲಿ ನೀರಿನೊಳಗೆ ನಿಂತೇ ಒಣಗಿದ ಒಂದು ಮತ್ತಿಮರವಿದೆ. ಅದರ ಪೂರ್ವಕ್ಕೆ ಜೊಂಡು, ಜೊಂಡಿನೊಳಗೆ ದೋಣಿ ನುಗ್ಗುವಷ್ಟೇ ಅಗಲದ ಒಂದು ಕಾಲುವೆ. ಅದರ ಕೊನೆಯಲ್ಲಿ, ಗಾಳಿಯೂ ಮಳೆಯೂ ಇಲ್ಲದೆ, ಒಂದು ತಟ್ಟೆಯಗಲ ನೀರು ಮಾತ್ರ ಹನಿ ಬಿದ್ದಂತೆ ಕುದಿಯುತ್ತಿತ್ತು. ಮರಿಗಳು. ಮೈಗೆ ಕೆಂಪು ಗೆರೆಯ ನೂರಾರು ಔಲು ಮರಿಗಳು ಒಟ್ಟಾಗಿ ಉಸಿರಿಗೆ ಮೇಲೆ ಬಂದು ಒಟ್ಟಾಗಿ ಇಳಿದವು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ದೊಡ್ಡದೊಂದು ಬಳೆ. ನಾನು ವರ್ಷವಿಡೀ ನೋಡಿದ ಬಳೆಗಳಲ್ಲೆಲ್ಲ ದೊಡ್ಡದು.

ದೋಣಿಯವರು ಜಲ್ಲೆ ಹಿಡಿದು ಅಲ್ಲಾಡದೆ ನಿಂತಿದ್ದರು. "ಕಂಡ್ರಾ?"

"ಹೂಂ."

"ನಾಳೆ ಇಲ್ಲಿಗೇ ಅಲ್ದಾ?"

ಈ ಸೀಮೆಯಲ್ಲಿ ಗಾಳ ಹಿಡಿದವರಿಗೆಲ್ಲ ಗೊತ್ತಿರುವ ಸುಲಭದ ಉಪಾಯ ಅದು. ಮರಿ ಕಾಯುವ ಔಲು ಹಸಿವಿಲ್ಲದಿದ್ದರೂ ಕಚ್ಚುತ್ತದೆ. ಮರಿಗಳ ಮೇಲೆ ಏನೇ ಹಾದರೂ ಓಡಿಸಲಿಕ್ಕೆ ಮೇಲೇಳುತ್ತದೆ. ಗುಂಪಿನ ನಡುವೆ ಒಂದು ಕಪ್ಪೆ ಎಳೆದರೆ ಸಾಕು. ಆದರೆ ಕಾಯುವ ಮೀನನ್ನು ತೆಗೆದರೆ ಸುತ್ತಲಿನ ಜಿಲೇಬಿ ಮೀನುಗಳು ಅಷ್ಟೂ ಮರಿಯನ್ನು ನುಂಗಿಹಾಕುತ್ತವೆ. ಬಲೆ ಇಲ್ಲದ ನೀರಿನಲ್ಲಿ ಮೀನು ಬೆಳೆಯುತ್ತದೆ ಎಂದು ವರ್ಷವಿಡೀ ಹೇಳಿಕೊಂಡು ಬಂದವಳು ನಾನು. ಬೆಳೆದದ್ದು ಇಲ್ಲಿತ್ತು.

"ನಾಳೆ ಇಲ್ಲಿಗೆ ಬೇಡ" ಅಂದೆ.

"ಮತ್ತೆ ಭಾನುವಾರ?"

"ಬೇರೆ ಕಡೆ ನೋಡಣ."

ಅವರು ಜಲ್ಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಊರಿದರು.

ಶನಿವಾರ ನಾನು ಬೆಳಗಿನಿಂದ ಆ ಜೊಂಡಿಗೆ ಬೆನ್ನು ಹಾಕಿಯೇ ದೋಣಿ ನಡೆಸಲು ಹೇಳಿದೆ. ಏರಿಯ ಕಲ್ಲುಗಳ ಬಳಿ, ತೂಬಿನ ಬಳಿ, ಹಳ್ಳ ಸೇರುವಲ್ಲಿ. ಔಲಿನ ಜಾತಿಯದೇ ಒಂದು ಸಣ್ಣ ಕುಚ್ಚು ಮೀನು ಸಿಕ್ಕಿತು, ಅಂಗೈಗಿಂತ ಸ್ವಲ್ಪ ಉದ್ದ. "ಇದರ ಅಪ್ಪ ಎಲ್ಲೈತೆ ಕೇಳ್ರೀ" ಅಂದರು ದಾವಣಗೆರೆಯವರು. ಮಧ್ಯಾಹ್ನದ ಮೇಲೆ ಉಳಿದದ್ದು ಉತ್ತರದ ಮೂಲೆ ಮಾತ್ರ. ಮತ್ತಿಮರದ ಪಶ್ಚಿಮಕ್ಕೆ, ಮರಿಗಳಿಂದ ದೂರದಲ್ಲಿ ಲಂಗರು ಇಳಿಸಿದೆ. ಲಂಗರಿನ ಹಗ್ಗ ಜಾರುತ್ತಿತ್ತು. ಅದನ್ನು ಮತ್ತೆ ಕಟ್ಟಲು ಬಗ್ಗಿದ್ದಾಗ ದೋಣಿ ತಾನೇ ಮರದ ಪೂರ್ವಕ್ಕೆ ತೇಲಿ ಜೊಂಡಿನ ಕಾಲುವೆಗೆ ಮುಖ ಮಾಡಿದೆ ಎಂಬುದು ನನಗೆ ತಿಳಿಯಲಿಲ್ಲ.

"ಅಲ್ನೋಡ್ರೀ, ನೀರು ಹೆಂಗೆ ಕುದಿಯಕತ್ತೈತೆ" ಎಂಬ ಮಾತು ಕೇಳಿ ತಲೆಯೆತ್ತುವಷ್ಟರಲ್ಲಿ ಕಪ್ಪೆ ಗಾಳಿಯಲ್ಲಿತ್ತು.

ನೀರು ಒಡೆದ ಸದ್ದು ಬಾಗಿಲು ಬಡಿದ ಹಾಗಿತ್ತು. ಕೋಲು ಬಾಗಿ ದೋಣಿಯ ಅಂಚಿಗೆ ತಾಗಿತು. ಕೆಲಸ ಕಲಿತ ಕೈ ಯೋಚನೆಗೆ ಕಾಯುವುದಿಲ್ಲ. "ಕೂತೇ ಇರಿ, ತುದಿ ಮೇಲಿಡಿ, ಜೊಂಡಿಗೆ ಬಿಡಬೇಡಿ" ಎಂದು ನಾನು ಹೇಳುತ್ತಲೇ ಇದ್ದೆ. ಈ ಸಲ ಅವರು ಕೂತರು. ಮೀನು ಒಮ್ಮೆ ಜೊಂಡಿನ ಬುಡಕ್ಕೆ ನುಗ್ಗಿತು, ಒಮ್ಮೆ ದೋಣಿಯ ಅಡಿಗೆ ಬಂತು. ದೋಣಿಯವರು ಕೈಬಲೆಯನ್ನು ತಲೆಯ ಕಡೆಯಿಂದ ತೂರಿಸಿ ಎತ್ತಿದಾಗ ಅದರ ಹಿಡಿಯೇ ಬಾಗಿತು. ನನ್ನ ತೋಳಿಗಿಂತ ಉದ್ದ. ಬಾಲದ ಬೊಟ್ಟಿನ ಸುತ್ತ ಕಿತ್ತಳೆ ಅಂಚು.

ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ನಾನು ಮೊದಲೇ ಒತ್ತಿ ನುಣುಪು ಮಾಡಿರುತ್ತೇನೆ. ಇಕ್ಕಳದಿಂದ ಒಂದೇ ಎಳೆತಕ್ಕೆ ಬಂತು.

"ಇದನ್ನ ಹೀಂಗೇ ದಡಕ್ಕೆ ಒಯ್ಯಣ" ದೋಣಿಯವರು ಹೇಳಿದರು. "ಇವತ್ತು ಮೀನು ತೂಕದ ದಿನ, ಸಂಘದೋರು ಎಲ್ಲಾರೂ ಅಲ್ಲೇ ಅದಾರೆ. ಕಣ್ಣಾರೆ ನೋಡ್ಲಿ. ಗಾಳಿ ಕುಡಿಯೋ ಮೀನು ಇದು, ಒದ್ದೆ ಚೀಲ ಹಾಕಿದ್ರೆ ಹೋಗಿ ಬರೋತನಕ ಎಂತ ಆಗೂದಿಲ್ಲ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಮೀನಿಗೆ ಏನೂ ಆಗುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ನಾನು ಕಾಲುವೆಯ ಕಡೆ ನೋಡಿದೆ. ಮರಿಗಳ ಗುಂಪು ಒಡೆದು ಉದ್ದಕ್ಕೆ ಹರಡಿತ್ತು. ಅದರ ಅಂಚಿನಲ್ಲಿ ಸಣ್ಣ ಸಣ್ಣ ಸುಳಿಗಳು ಏಳತೊಡಗಿದ್ದವು. ಜಿಲೇಬಿ ಮೀನುಗಳು ಬಂದಿದ್ದವು.

"ಜೊತೆಯದು ಇರ್ತದೆ, ಅದು ಕಾಯ್ತದೆ" ಅಂದರು ಅವರು, ನನ್ನ ಕಣ್ಣು ಹೋದ ಕಡೆ ನೋಡಿ.

"ನಿನ್ನೆ ಒಂದೇ ಬಳೆ ಎದ್ದಿದ್ದು."

ಅವರು ಕೈಬಲೆಯನ್ನು ನನ್ನ ಕಡೆ ಸರಿಸಿದರು.

"ಫೋಟೋ, ಫೋಟೋ" ಎಂದು ದಾವಣಗೆರೆಯವರು ಒದ್ದೆ ಕೈಯಲ್ಲಿ ಫೋನು ತಡಕುತ್ತಿದ್ದರು. ನಾನು ಮೀನಿನ ಹೊಟ್ಟೆಯ ಕೆಳಗೆ ಕೈಯಿಟ್ಟು ಅಂಚಿನಿಂದಾಚೆ ಬಗ್ಗಿ ಮುಖವನ್ನು ಕಾಲುವೆಯ ಕಡೆಗೆ ತಿರುಗಿಸಿ ಬಿಟ್ಟೆ. ಹಿಂದೆ ಫೋನು ಒಮ್ಮೆ ಚಿಟಕ್ ಅಂದದ್ದು ಕೇಳಿತು.

ಆಮೇಲೆ ಕಾದೆವು. ಸುಳಿಗಳು ಏಳುತ್ತಲೇ ಇದ್ದವು. ನಾನು ಏಳುತ್ತಿದ್ದೆ, ಕೂರುತ್ತಿದ್ದೆ, ಮತ್ತೆ ಏಳುತ್ತಿದ್ದೆ. ದಾವಣಗೆರೆಯವರು, "ನೀವು ಕೂತ್ಕೊಳ್ಳ್ರೀ, ದೋಣಿ ವಾಲ್ತೈತೆ" ಅಂದರು. ಕೊನೆಗೆ ಕಾಲುವೆಯ ಬಾಯಲ್ಲಿ ನೀರು ಒಮ್ಮೆ ಉಬ್ಬಿತು. ಜಿಲೇಬಿ ಮೀನುಗಳು ದಿಕ್ಕೆಟ್ಟು ಹಾರಿದವು. ಎಷ್ಟೋ ಹೊತ್ತಿನ ನಂತರ ಮರಿಗಳು ಮತ್ತೆ ಒಂದು ಕಡೆ ಕುದಿದವು. ತಟ್ಟೆಯಗಲ ಇದ್ದದ್ದು ಈಗ ಬೊಗಸೆಯಗಲ.

ದಡಕ್ಕೆ ಬರುವಾಗ ಫೋಟೋ ನೋಡಿದೆವು. ಅದರಲ್ಲಿ ಮೀನಿಗಿಂತ ಹೆಚ್ಚು ನನ್ನ ಮೊಣಕೈ ಇತ್ತು.

"ದಾವಣಗೆರ್ಯಾಗೆ ಇದನ್ನ ಯಾರು ನಂಬ್ತಾರ್ರೀ" ಎಂದರು ಅವರು. ಅವರಿಗೆ ಬೇಸರವಾಗಿತ್ತು, ಮುಚ್ಚಿಡಲಿಲ್ಲ. ಕಾರು ಹತ್ತುವಾಗ ಮಾತ್ರ ತಿರುಗಿ, "ಉಳಿದಾವಲ್ಲ, ಅವು ಬದುಕ್ತಾವಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಭಾನುವಾರದ ಸಭೆ ಸಂಘದ ತಗಡಿನ ಶೆಡ್ಡಿನಲ್ಲಿ. ದಾವಣಗೆರೆಯವರು ಕಳಿಸಿದ ಫೋಟೋ ನನ್ನ ಫೋನಿನಲ್ಲಿ ಕೈಯಿಂದ ಕೈಗೆ ಹೋಯಿತು. ಹೊಸಬಾಳೆ ಕಡೆಯ ಒಬ್ಬ ಸದಸ್ಯರು, ಮೂಲೆ ಬಿಟ್ಟುಕೊಟ್ಟಾಗಿನಿಂದ ನನ್ನ ಮೇಲೆ ಸಿಟ್ಟಿದ್ದವರು, ಫೋನನ್ನು ದೂರ ಹಿಡಿದು ನೋಡಿದರು.

"ಮೊಣಕೈ ಚಂದ ಬಂದದೆ."

ಎಲ್ಲರೂ ನಕ್ಕರು. ನನ್ನ ದೋಣಿಯವರು, "ಮೀನು ಇತ್ತು. ಬಲೆ ಹಿಡಿದವ ನಾನೇ. ಇಷ್ಟುದ್ದ" ಎಂದು ಎರಡೂ ಕೈ ಚಾಚಿದರು.

"ನಿನ್ನ ಕೈ ಉದ್ದ ಇರೂದು ಊರಿಗೇ ಗೊತ್ತು ಮಾರಾಯ" ಎಂದರು ಹಿಂದಿನ ಸಾಲಿನವರೊಬ್ಬರು.

ಮತ್ತೆ ನಗು. ಅಧ್ಯಕ್ಷರು ನಗಲಿಲ್ಲ. "ಸಿಕ್ಕಿದ್ದನ್ನ ಇಲ್ಲಿಗೆ ತಂದು ತೋರ್ಸಕ್ಕೆ ಏನಾಗಿತ್ರೀ?"

ನಾನು ಬಾಯಿ ತೆರೆಯುವ ಮೊದಲೇ ಹೊಸಬಾಳೆಯವರು ಹೇಳಿದರು, "ಪಾಪ ಅನ್ಸಿರ್ತದೆ. ಅವರ ಮನೇಲಿ ತಿನ್ನೂದಿಲ್ಲವಲ್ಲ."

ಆ ಮಾತು ನನಗೆ ಹೊಸದಲ್ಲ. ಆದರೆ ಅಂದು ಅದನ್ನು ಹಾಗೇ ಬಿಟ್ಟರೆ ವರ್ಷದ ಕೆಲಸವೆಲ್ಲ ಮಡಿಯವಳೊಬ್ಬಳ ಮರುಕವಾಗಿ ಮುಗಿಯುತ್ತದೆ ಅನ್ನಿಸಿತು. ಎದ್ದು ನಿಂತೆ. "ಪಾಪ ಅಂತಲ್ಲ. ಅದು ಮರಿ ಕಾಯ್ತಿತ್ತು. ಅದನ್ನ ಇಲ್ಲಿಗೆ ತಂದಿದ್ರೆ ಅಷ್ಟೊತ್ತಿಗೆ ಒಂದು ಮರಿನೂ ಉಳೀತಿರ್ಲಿಲ್ಲ. ತಿನ್ನೋರು ನೀವು. ಆ ಮರಿ ಬೆಳೆದ್ರೆ ಸಿಗೋದು ನಿಮ್ಮ ಬಲೆಗೆ, ನನಗಲ್ಲ."

ಅಧ್ಯಕ್ಷರು ಪಕ್ಕದವರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದರು. ಆಮೇಲೆ ಹೇಳಿದರು:

"ಮೂಲೆ ಪೂರ್ತಿ ಬಿಡಕ್ಕಾಗಲ್ರೀ ಮೇಡಂ. ನಾಳೆಯಿಂದ ಬಲೆ ಹಾಕ್ತಾರೆ. ಮರಿ ಇರೋ ಜಾಗ ಹೇಳ್ರಿ, ಅದೊಂದು ಬಿಡಣ."

ಇದನ್ನು ನಾನು ಎಣಿಸಿರಲಿಲ್ಲ. ಗಾಳದ ಕೆಲಸದಲ್ಲಿ ಜಾಗವೇ ಬಂಡವಾಳ. ನಾನು ಯಾರಿಗೂ ಹೇಳುವುದಿಲ್ಲ, ಗಿರಾಕಿಗಳ ಫೋನಿನಲ್ಲಿ ಜಾಗ ಗುರುತಿಸುವ ನಕ್ಷೆ ಕೂಡ ಬಂದ್ ಮಾಡಿಡಲು ಹೇಳುತ್ತೇನೆ. ಅಲ್ಲಿ ಕೂತಿದ್ದವರಲ್ಲಿ ಕಪ್ಪೆ ಗಾಳ ಹಾಕಲು ಬಾರದವರು ಒಬ್ಬರೂ ಇರಲಿಲ್ಲ. ಜಾಗ ತಿಳಿದರೆ ಆ ಮೀನನ್ನು ಹಿಡಿಯುವುದು ಒಂದು ಸಂಜೆಯ ಕೆಲಸ. ಹೇಳದಿದ್ದರೆ ಬಲೆಯೇ ಅದನ್ನು ಬಾಚುತ್ತದೆ. ಹೊಸಬಾಳೆಯವರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನಿದೆ ಎಂದು ಓದಲು ನನಗೆ ಆಗಲಿಲ್ಲ.

"ಒಣಗಿದ ಮತ್ತಿಮರದ ಪೂರ್ವಕ್ಕೆ" ಅಂದೆ. "ಜೊಂಡಿನೊಳಗೆ ಒಂದು ಕಾಲುವೆ ಇದೆ. ಅದರ ಕೊನೇಲಿ."



ಅಂದೇ ಸಂಜೆ ದೋಣಿಯವರೂ ನಾನೂ ಹೋಗಿ, ಥರ್ಮಾಕೋಲಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ, ಕಾಲುವೆಯ ಬಾಯಿಗೆ ಅಡ್ಡಲಾಗಿ ತೇಲಿಬಿಟ್ಟು ಬಂದೆವು. ಮುಂದಿನ ವಾರ ಬರಬೇಕಿದ್ದ ಗಿರಾಕಿಗೆ ಫೋನು ಮಾಡಿ, ಸದ್ಯಕ್ಕೆ ಬೇಡ ಅಂದೆ. ಅವರನ್ನು ಕರೆದೊಯ್ಯಲು ನನ್ನ ಬಳಿ ಉಳಿದದ್ದು ಗಾಳ ಹಾಕಬಾರದ ಒಂದು ಜಾಗ ಮಾತ್ರ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಉತ್ತರದ ಮೂಲೆಯ ತುಂಬ ಬಲೆಗಳ ಸಾಲು. ನಾನು ಮೊದಲು ಹುಡುಕಿದ್ದು ಬಿಳಿ ತುಂಡುಗಳನ್ನು. ಕಾಲುವೆಯ ಬಾಯಲ್ಲಿ ಅವು ಇರಲಿಲ್ಲ. ದೋಣಿಯವರೂ ನೋಡಿದರು, ವೇಗ ಹೆಚ್ಚಿಸಿದರು. ಹತ್ತಿರ ಹೋದಾಗ ಕಂಡದ್ದು ಕೆಸರು. ತೂಬು ಇನ್ನೂ ಎತ್ತಿಯೇ ಇದ್ದದ್ದರಿಂದ ರಾತ್ರಿಯಲ್ಲಿ ನೀರು ಮತ್ತೂ ಗೇಣುದ್ದ ಇಳಿದು, ಕಾಲುವೆಯ ತಳ ಹೊರಬಿದ್ದಿತ್ತು. ಕೊಕ್ಕರೆಯೊಂದು ಅಲ್ಲಿ ನಡೆದಾಡುತ್ತಿತ್ತು. ಮರಿಗಳು ಇಲ್ಲ.

ನಾನು ಎದ್ದು ನಿಂತು ಸುತ್ತ ನೋಡಿದೆ. ಮತ್ತಿಮರದ ಆಚೆ, ಪಶ್ಚಿಮದ ತಗ್ಗಿನಲ್ಲಿ, ಬಿಳಿ ತುಂಡುಗಳು ಅರ್ಧ ಚಂದ್ರದಂತೆ ತೇಲುತ್ತಿದ್ದವು. ಹಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ಹೊಸದಾಗಿ ಊರಿದ ಬಿದಿರಿಗೆ ಕಟ್ಟಿತ್ತು. ಆ ಗಂಟು ನಮ್ಮದಲ್ಲ, ಯಾರೋ ಬಿಚ್ಚಿ ತಂದು ಕಟ್ಟಿದ್ದು. ಅದರೊಳಗೆ ಬೊಗಸೆಯಗಲ ನೀರು ಹನಿ ಬಿದ್ದಂತೆ ಕುದಿಯಿತು.

ನಾವು ಅತ್ತ ತಿರುಗಿದೆವು. ಪಕ್ಕದ ಬಲೆಯ ಸಾಲಿನಿಂದ ಯಾರೋ ಕೈಯೆತ್ತಿದರು. ಸೊಂಟದ ತನಕ ನೀರಿನಲ್ಲಿ ನಿಂತ ಹೊಸಬಾಳೆಯವರು.

"ಆ ಕಡೆ ಮೋಟಾರ್ ತರಬೇಡಿ" ಎಂದು ಕೂಗಿದರು. "ಮರಿ ಇದಾವೆ."

ಆಯ್ತು ಅಂದೆ. ಮೋಟಾರ್ ನಿಲ್ಲಿಸಿ ಮೇಲೆತ್ತಿಟ್ಟು, ಜಲ್ಲೆ ಊರಿ ಹಿಂದಕ್ಕೆ ಸರಿದೆವು.